ಹಳದಿಗೆ ತಿರುಗಿದ ನೀರು

ರೌಮಾ
ಸೆಪ್ಟೆಂಬರ್ ೨೨, ಭಾನುವಾರ

ಹಿಲ್ಕಾ,

ಈ ಪತ್ರವನ್ನು ನೀನು ಓದಲಾರೆ, ಮಾರ್ಯುತ್ ಓದಿ ಹೇಳಬೇಕು ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಮೊದಲು ನನ್ನ ಸೊಂಟದ ನೋವು ಹೇಗಿದೆ ಎಂದು ಕೇಳುತ್ತೀಯ, ನಾನು ಉತ್ತರ ಹೇಳುತ್ತೇನೆ, ಆಮೇಲೆ ಈ ಸಲದ ಅಣಬೆಯ ಮಾತು ಬರುತ್ತದೆ, ಕೊನೆಗೆ ಇಬ್ಬರೂ ಫೋನ್ ಇಡುತ್ತೇವೆ. ಹೋದ ತಿಂಗಳು ನಿನ್ನ ಎದುರಿಗೆ ಕೂತಾಗಲೂ ಆದದ್ದು ಅದೇ. ಬಾಯಿಗೆ ಬಿಟ್ಟರೆ ನಾನು ಮತ್ತೆ ತಪ್ಪಿಸಿಕೊಳ್ಳುತ್ತೇನೆ. ಆದ್ದರಿಂದ ಕೈಗೆ ವಹಿಸಿದ್ದೇನೆ.

ಮಾರ್ಯುತ್, ನಿನಗೆ ಒಂದು ಮಾತು. ನಡುವೆ ಎಲ್ಲೋ ಒಂದು ಕಡೆ ಇದನ್ನು ಮಡಚಿ ಒಲೆಗೆ ಹಾಕೋಣ ಅನ್ನಿಸಬಹುದು. ಹಾಕು, ಆದರೆ ಕೊನೆಯವರೆಗೂ ಓದಿದ ಮೇಲೆ. ಅಮ್ಮನಿಗೆ ನೋವಾದೀತು ಎಂದು ಯಾವ ಸಾಲನ್ನೂ ಹಾರಿಸಬೇಡ. ಹಾರಿಸುವ ಕೆಲಸವನ್ನು ನಾನು ಮೂವತ್ತು ವರ್ಷ ಮಾಡಿ ಮುಗಿಸಿದ್ದೇನೆ.

ಹಿಲ್ಕಾ, ತೊಂಬತ್ತೆರಡರ ಶರತ್ಕಾಲದಲ್ಲಿ ನಾನು ಆ ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಬಂದಾಗ ನೀನು ಅಲ್ಲಿ ಆರು ವರ್ಷದಿಂದ ಇದ್ದೆ. ಬಿಳಿ ಕೋಟು, ಕಾಲಿಗೆ ಬೂದು ಉಣ್ಣೆಯ ಕಾಲುಚೀಲ, ಅದರ ಮೇಲೆ ಮರದ ಚಪ್ಪಲಿ. ಪ್ರೊಫೆಸರ್ ತೋರ್ಸ್ತಿ ನನ್ನನ್ನು ತೋರಿಸಿ, "ಇವನು ಇಲ್ಪೋ, ಡಾಕ್ಟರೇಟ್ ಮಾಡ್ತಾನೆ" ಎಂದಾಗ ನೀನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮರಿ ಡಾಕ್ಟರಾ? ಸರಿ ಬಿಡು, ಬೆಳೀತಾನೆ" ಎಂದೆ. ನನಗೆ ಆಗಲೇ ಮೂವತ್ತೊಂದು. ಕಿವಿ ಕೆಂಪಾಯಿತು. ಸಂಜೆಯೊಳಗೆ ಇಡೀ ಮಹಡಿಗೆ ನಾನು ಮರಿ ಡಾಕ್ಟರ್ ಆಗಿದ್ದೆ.

ನನ್ನ ವಿಷಯ ಏನು ಎಂದು ಕೇಳಿದೆ. ನಾನು ದೊಡ್ಡದಾಗಿ ಶುರುಮಾಡಿದೆ. ಅಣುಸ್ಥಾವರದಲ್ಲಿ ಉರಿದು ಮುಗಿದ ಇಂಧನವನ್ನು ನಮ್ಮ ಕರಾವಳಿಯ ಬಂಡೆಯೊಳಗೆ ನಾನೂರು ಮೀಟರ್ ಆಳದಲ್ಲಿ ಹೂಳುವುದು. ಎಷ್ಟೋ ಸಾವಿರ ವರ್ಷಗಳ ಮೇಲೆ ತಾಮ್ರದ ಪೆಟ್ಟಿಗೆ ಎಲ್ಲೋ ತೂತಾದರೆ ನೀರು ಒಳಗಿನ ವಿಕಿರಣ ಲೋಹಗಳನ್ನು ಹೊತ್ತು ಹೊರಡುವುದು. ಆಗ ಬಂಡೆಯ ಬಿರುಕುಗಳ ಮೈಯೇ ಅವನ್ನು ಹಿಡಿದು ತನಗೆ ಅಂಟಿಸಿಕೊಂಡು ಮೇಲೆ ಬರದಂತೆ ತಡೆಯಬೇಕಾದದ್ದು. ಆದರೆ ಸುರಂಗ ಕಟ್ಟಲು ಸಿಮೆಂಟು ಬೇಕು. ಸಿಮೆಂಟನ್ನು ಹಾದು ಬಂದ ನೀರು ಸುಣ್ಣದ ತಿಳಿಗಿಂತಲೂ ಖಾರ, ಬೆರಳಿಗೆ ತಾಗಿದರೆ ಚರ್ಮ ಜಾರುತ್ತದೆ. ಅಂಥ ಕ್ಷಾರದ ನೀರಿನಲ್ಲಿ ಬಂಡೆಯ ಹಿಡಿತ ಉಳಿಯುತ್ತದೆಯೋ ಇಲ್ಲವೋ... ನಾನು ಇನ್ನೂ ಹೇಳುತ್ತಲೇ ಇದ್ದೆ. ನೀನು ಕೈ ಎತ್ತಿ ನಿಲ್ಲಿಸಿದೆ. "ಅಂದ್ರೆ, ಸೋಪು ಹಾಕಿದ್ರೆ ಬಂಡೆಯಿಂದ ಕೊಳೆ ಬಿಡತ್ತಾ ಅಂತ ನೋಡೋದು. ಅಷ್ಟೇ ತಾನೆ?"

ಅಷ್ಟೇ. ಮುಂದೆ ನಾನು ಬರೆದ ನೂರ ನಲವತ್ತು ಪುಟಗಳಲ್ಲಿ ಅದಕ್ಕಿಂತ ಹೆಚ್ಚಿನದು ಇರಲಿಲ್ಲ.

ನೀನು ಹಾಲಿನ ಪರೀಕ್ಷಾಲಯದಿಂದ ಬಂದವಳು. ಇಸಾಲ್ಮಿಯ ಡೈರಿಯಲ್ಲಿ ಹದಿನೆಂಟು ವರ್ಷ ಕೊಬ್ಬು ಅಳೆದು, ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ದಕ್ಷಿಣಕ್ಕೆ ಬಂದಿದ್ದೆ. ನಮ್ಮ ಮಾದರಿಯ ಬಾಟಲಿಗಳಿಗೆ ನೀನು ನಂಬರಿನ ಜೊತೆ ಹಸುವಿನ ಹೆಸರನ್ನೂ ಬರೆಯುತ್ತಿದ್ದೆ. ಮಾನ್ಸಿಕ್ಕಿ, ಹೆಲುನಾ, ಓಮೆನಾ, ಕಿಯೆಲೋ. ಎಲ್ಲ ನಿಮ್ಮಪ್ಪನ ಕೊಟ್ಟಿಗೆಯವು. ನಾನು ನಕ್ಕಿದ್ದಕ್ಕೆ, "ಏಳೂ ಹದಿನೇಳೂ ಕಣ್ಣಿಗೆ ಒಂದೇ ಥರ ಕಾಣ್ತವೆ ಕಣೋ. ಮಾನ್ಸಿಕ್ಕಿ ಬದಲು ಹೆಲುನಾ ಕೈಗೆ ಬಂದ್ರೆ ನನಗೆ ತಕ್ಷಣ ಗೊತ್ತಾಗತ್ತೆ. ಹೆಲುನಾ ಒದೀತಿದ್ಲು" ಎಂದೆ. ಆರು ವರ್ಷದಲ್ಲಿ ನಿನ್ನ ಕೈಯಲ್ಲಿ ಒಂದು ಬಾಟಲಿಯೂ ಅದಲುಬದಲಾಗಿರಲಿಲ್ಲ. ಇದನ್ನು ತೋರ್ಸ್ತಿ ನನಗೆ ಮೊದಲ ದಿನವೇ ಹೇಳಿದ್ದರು. ನಾನು ಇದನ್ನು ತಿಳಿದಿದ್ದೆ ಎಂಬುದು ಮುಂದಿನದಕ್ಕೆ ಮುಖ್ಯ, ಅದಕ್ಕೇ ಬರೆದೆ.

ಈಗ ನೀರಿನ ವಿಷಯ. ಸಿಮೆಂಟಿನ ನೀರು ತಯಾರಿಸುವುದು ನನ್ನ ಕೆಲಸವಾಗಿತ್ತು. ಪುಡಿಮಾಡಿದ ಸಿಮೆಂಟನ್ನು ಗಾಳಿ ತೆಗೆದ ನೀರಿನಲ್ಲಿ ಮೂರು ತಿಂಗಳು ಅಲುಗಿಸುತ್ತಾ ಇಟ್ಟು, ಆಮೇಲೆ ಸೋಸಿ, ಇಪ್ಪತ್ತು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನಿಗೆ ತುಂಬಬೇಕು. ತೊಂಬತ್ಮೂರರ ಡಿಸೆಂಬರಿನಲ್ಲಿ ನಾನು ಸೋಸಲು ಕೂತಾಗ ಸೋಸುವ ಕಾಗದ ಎರಡು ಸಲ ಹರಿಯಿತು. ಬೇಸತ್ತು, ಕೈ ಒರೆಸುವ ಕಾಗದವನ್ನು ಮುದ್ದೆ ಮುದ್ದೆಯಾಗಿ ಆಲಿಕೆಯ ಕುತ್ತಿಗೆಗೆ ತುರುಕಿದೆ. ಒಂದು ಹಂತದಲ್ಲಿ ಆ ಮುದ್ದೆಗಳೆಲ್ಲ ಒಟ್ಟಿಗೆ ಜಾರಿ ಕ್ಯಾನಿನೊಳಗೆ ಬಿದ್ದವು. ಬಾಯಿ ಕಿರಿದು, ತೆಗೆಯಲು ಆಗಲಿಲ್ಲ. ಎಲ್ಲ ಚೆಲ್ಲಿ ಹೊಸದಾಗಿ ಮಾಡಿದರೆ ಮತ್ತೆ ಮೂರು ತಿಂಗಳು. ವಸಂತಕ್ಕೆ ವರದಿ ಕೊಡಬೇಕಿತ್ತು. ಕಾಗದ ತಾನೇ, ಏನಾಗುತ್ತದೆ ಎಂದುಕೊಂಡು ಮುಚ್ಚಳ ತಿರುಗಿಸಿದೆ. ಯಾರಿಗೂ ಹೇಳಲಿಲ್ಲ. ಆ ಕ್ಷಣದಲ್ಲಿ ಅದು ಸುಳ್ಳು ಎಂದೂ ಅನ್ನಿಸಲಿಲ್ಲ, ಬರೀ ಸೋಮಾರಿತನ.

ಮೊದಲ ಬಾಟಲಿಗಳು ಚೆನ್ನಾಗಿ ಬಂದವು. ಬಂಡೆಯ ಪುಡಿ, ಸಿಮೆಂಟಿನ ನೀರು, ಗುರುತಿಗೆ ಒಂದು ಹನಿ ವಿಕಿರಣ ಯುರೋಪಿಯಂ. ವಾರಗಟ್ಟಲೆ ಅಲುಗಿಸಿ, ತಿರುಗಿಸಿ, ಮೇಲಿನ ತಿಳಿಯಲ್ಲಿ ಎಷ್ಟು ಉಳಿಯಿತು ಎಂದು ಎಣಿಸುವುದು. ನೂರರಲ್ಲಿ ತೊಂಬತ್ತೊಂಬತ್ತು ಭಾಗ ಬಂಡೆಗೇ ಅಂಟಿತ್ತು. ನಾವು ಬಯಸಿದ ಹಾಗೇ ಬಂತಲ್ಲ ಎಂದು ನೀನು ಶುಕ್ರವಾರ ಅಕ್ಕಿ ಗಂಜಿ ತುಂಬಿದ ರೈ ಹಿಟ್ಟಿನ ಪಿರಾಕ್ಕ ಮಾಡಿ ತಂದೆ. ಮೊಟ್ಟೆ ಬೆಣ್ಣೆ ಸವರಿಕೊಂಡು ಎಲ್ಲರೂ ನಿಂತೇ ತಿಂದೆವು.

ಬೇಸಿಗೆಯ ಹೊತ್ತಿಗೆ ಸಂಖ್ಯೆಗಳು ಇಳಿಯತೊಡಗಿದವು. ತೊಂಬತ್ತು. ಎಂಬತ್ತು. ಸೆಪ್ಟೆಂಬರಿನಲ್ಲಿ ಅರವತ್ತು. ಅಕ್ಟೋಬರಿನಲ್ಲಿ ಓಮೆನಾ ನಲವತ್ತಕ್ಕೆ ಬಂದಳು. ಹದಿನಾಲ್ಕು ಬಾಟಲಿಗಳಲ್ಲಿ ಬಂಡೆ ಕೈಬಿಟ್ಟಿತ್ತು. ನೀನು ಎಣಿಕೆಯ ಯಂತ್ರವನ್ನು ಬದಲಿಸಿ ನೋಡಿದೆ, ಬಂಡೆಯ ಪುಡಿಯನ್ನು ಬದಲಿಸಿ ನೋಡಿದೆ, ಕೆಲವು ಬಾಟಲಿಗಳನ್ನು ಮೊದಲಿನಿಂದ ಮಾಡಿದೆ. ಒಂದು ದಿನ ಕ್ಯಾನಿನಿಂದ ಗಾಜಿನ ಲೋಟಕ್ಕೆ ನೀರು ತೆಗೆದು ಕಿಟಕಿಗೆ ಹಿಡಿದು, "ಇಲ್ನೋಡು, ನೀರು ಹಳದಿಗೆ ತಿರುಗ್ತಾ ಇದೆ" ಎಂದೆ. "ಸಿಮೆಂಟಿನ ಬಣ್ಣ" ಎಂದೆ ನಾನು. "ಸಿಮೆಂಟಿನ ಬಣ್ಣ ಆಗಿದ್ರೆ ಜನವರೀಲೂ ಇರಬೇಕಿತ್ತಲ್ವಾ?" ಎಂದು ನೀನು ನನ್ನ ಮುಖ ನೋಡಿದೆ. ನಾನು ಪುಸ್ತಕ ನೋಡಿದೆ.

ನವೆಂಬರಿನ ಒಂದು ಸೋಮವಾರ ನೀನು ಒಂದು ಹಾಳೆ ತಂದು ನನ್ನ ಮೇಜಿನ ಮೇಲೆ ಇಟ್ಟೆ. ಒಂದು ಕಡೆ ಬಾಟಲಿಗೆ ನೀರು ತುಂಬಿದ ದಿನಾಂಕ, ಇನ್ನೊಂದು ಕಡೆ ಬಂಡೆ ಹಿಡಿದುಕೊಂಡ ಪ್ರಮಾಣ. ರೂಲರ್ ಇಟ್ಟು ಎಳೆದ ಹಾಗೆ ನೇರವಾಗಿ ಇಳಿಯುತ್ತಿತ್ತು. "ಹಸುಗಳಲ್ಲಿ ತಪ್ಪಿಲ್ಲ, ಕುಡಿಯೋ ನೀರಲ್ಲಿದೆ. ನೀರು ಹಳೇದಾದಷ್ಟೂ ಕೆಡ್ತಾ ಇದೆ. ಮರಿ ಡಾಕ್ಟರ್, ಆ ಕ್ಯಾನ್ ಒಳಗೆ ಏನಾದ್ರೂ ಬಿದ್ದಿದೆಯಾ?"

ನೀನು ಅಷ್ಟು ನೇರವಾಗಿ ಕೇಳಿದ್ದೆ, ಹಿಲ್ಕಾ. "ಹೌದು, ಒರೆಸುವ ಕಾಗದ ಬಿದ್ದಿದೆ" ಎಂದು ಹೇಳಲು ಒಂದು ಉಸಿರು ಸಾಕಿತ್ತು. ನೀನು ನನ್ನನ್ನು ಒಂದು ವಾರ ಗೇಲಿ ಮಾಡುತ್ತಿದ್ದೆ, ಅಷ್ಟೇ. ನಾನು "ಇಲ್ಲ" ಎಂದೆ. ಮೇಲಿನ ಕಚೇರಿಯಿಂದ ಯಾವುದೋ ಹಳೆಯ ವರದಿ ಬೇಕು ಎಂದು ನಿನ್ನನ್ನು ಕಳಿಸಿದೆ. ನೀನು ಮೆಟ್ಟಿಲು ಹತ್ತುವ ಚಪ್ಪಲಿಯ ಸದ್ದು ನಿಂತ ಮೇಲೆ ಕ್ಯಾನನ್ನು ತ್ಯಾಜ್ಯದ ಪೀಪಾಯಿಗೆ ಬಗ್ಗಿಸಿದೆ. ಕೊನೆಯಲ್ಲಿ ಆ ಕಾಗದ ಬಂತು, ಗಂಜಿಯ ಹಾಗೆ ಮೆತ್ತಗಾಗಿ, ಮಾಸಲು ಹಳದಿಯಾಗಿ. ಮೂರು ಸಲ ತೊಳೆದು ಕ್ಯಾನನ್ನು ಬೋರಲು ಹಾಕಿದೆ. ನೀನು ವರದಿ ಹಿಡಿದು ಬಂದಾಗ, "ನೀರು ಮುಗಿದಿತ್ತು, ತೊಳೆದಿಟ್ಟೆ" ಎಂದೆ. ನೀನು ಕ್ಯಾನನ್ನು ನೋಡಿದೆ. ಅದರಲ್ಲಿ ಇನ್ನೂ ನಾಲ್ಕು ಲೀಟರ್ ಇತ್ತೆಂದು ನಿನಗೆ ಗೊತ್ತಿರಲೇಬೇಕು. ಬೆಳಿಗ್ಗೆ ಅಳತೆ ಬರೆದವಳು ನೀನೇ.

ಗುರುವಾರ ಕಾಫಿ ಕೋಣೆಯಲ್ಲಿ ಸಭೆ. ತೋರ್ಸ್ತಿ ಕೇಳಿದರು, "ಈ ಹದಿನಾಲ್ಕು ಯಾಕೆ ಹೀಗೆ?" ನಾನು ಉತ್ತರ ತಯಾರಿಸಿಕೊಂಡು ಬಂದಿದ್ದೆ. ಮಾದರಿಗಳಿಗೆ ಗಾಳಿ ತಾಗದಂತೆ ನಾವು ಕೈ ತೂರಿಸಿ ಕೆಲಸ ಮಾಡುತ್ತಿದ್ದ, ನೈಟ್ರೋಜನ್ ತುಂಬಿದ ಗಾಜಿನ ಪೆಟ್ಟಿಗೆಯ ಒಂದು ಕೈಗವಸಿನಲ್ಲಿ ಮಾರ್ಚಿನಲ್ಲಿ ಸೂಜಿ ಮೊನೆಯಷ್ಟು ತೂತು ಕಂಡಿತ್ತು. ಕಂಡವಳು ನೀನು. ಅವತ್ತೇ ಬದಲಿಸಿ, ದಿನಾಂಕ ಗಂಟೆ ಸಮೇತ ದಿನಚರಿ ಪುಸ್ತಕದಲ್ಲಿ ಬರೆದವಳೂ ನೀನೇ. ಬೇರೆ ಯಾರಾದರೂ ಆಗಿದ್ದರೆ ಬರೆಯುತ್ತಿರಲಿಲ್ಲ. ನಾನು ಆ ಪುಟವನ್ನು ತೆರೆದು ಮೇಜಿನ ಮೇಲಿಟ್ಟೆ. ಗಾಳಿ ಒಳಗೆ ಹೋಗಿದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ನೀರನ್ನು ಕೆಡಿಸಿದೆ, ಮಾದರಿಗಳು ಹಾಳಾಗಿವೆ ಎಂದೆ. ಕೇಳುವವರಿಗೆ ಸರಿ ಅನ್ನಿಸುವಂಥ ಮಾತು. ಆಮೇಲೆ ನಿನ್ನ ಕಡೆ ತಿರುಗಿ, "ಕೈಗವಸನ್ನು ನೀವು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸುತ್ತಿದ್ದಿರಿ?" ಎಂದು ಕೇಳಿದೆ.

ನೀವು. ಎರಡು ವರ್ಷ ಒಂದೇ ಮೇಜಿನಲ್ಲಿ ರೊಟ್ಟಿ ಕತ್ತರಿಸಿ ತಿಂದವನು, ಪ್ರೊಫೆಸರನ್ನೂ ನೀನು ಎಂದೇ ಮಾತಾಡಿಸುವ ಊರಿನಲ್ಲಿ, ನಿನ್ನನ್ನು ಅವತ್ತು ಬಹುವಚನದಲ್ಲಿ ದೂರ ತಳ್ಳಿದೆ. ನಿನ್ನ ಕಣ್ಣು ಸ್ವಲ್ಪ ಕಿರಿದಾಯಿತು. ಕೈಗವಸಿನ ಮಾತಿಗಿಂತ ಆ ಒಂದು ಪದ ನಿನಗೆ ಹೆಚ್ಚು ತಟ್ಟಿತು ಎಂದು ನನಗೆ ಆಗಲೇ ಗೊತ್ತಾಯಿತು. ತೋರ್ಸ್ತಿ, "ಹಿಲ್ಕಾ, ಏನಾದ್ರೂ ಹೇಳೋದಿದೆಯಾ?" ಎಂದರು. ನೀನು ಬಟ್ಟಲನ್ನು ಮೇಜಿನ ಮೇಲಿಟ್ಟೆ. "ತೂತು ಇದ್ದಿದ್ದು ನಿಜ. ಬರೆದಿದ್ದು ನಾನೇ. ಅದಕ್ಕೆ ಮುಂಚೆ ಎಷ್ಟು ದಿನದಿಂದ ಇತ್ತೋ ನನಗೆ ಗೊತ್ತಿಲ್ಲ" ಎಂದೆ. ನಿನ್ನ ಪ್ರಾಮಾಣಿಕತೆಯನ್ನೇ ನಾನು ಹಗ್ಗ ಮಾಡಿಕೊಂಡಿದ್ದೆ. ಅದರ ತುದಿಯನ್ನೂ ನೀನೇ ತಂದು ನನ್ನ ಕೈಗೆ ಕೊಟ್ಟೆ.

ಆ ವರ್ಷ ದೇಶದಲ್ಲಿ ಐದು ಜನರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ನಿನ್ನದು ವರ್ಷ ವರ್ಷ ನವೀಕರಿಸುವ ಕರಾರು. ಡಿಸೆಂಬರಿನಲ್ಲಿ ನವೀಕರಿಸಲಿಲ್ಲ. ಐವತ್ಮೂರರ ಹೆಂಗಸಿಗೆ ಆ ಚಳಿಗಾಲದಲ್ಲಿ ಇನ್ನೊಂದು ಪ್ರಯೋಗಾಲಯ ಸಿಗುವಂತಿರಲಿಲ್ಲ. ಕೊನೆಯ ದಿನ ನೀನು ಅಲುಗಿಸುವ ಯಂತ್ರ ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕೆಂದು ನನಗಾಗಿ ಒಂದು ಹಾಳೆಯಲ್ಲಿ ಬರೆದಿಟ್ಟೆ. ಕೋಟನ್ನು ಮಡಚಿ ಕುರ್ಚಿಯ ಮೇಲಿಟ್ಟೆ. "ಬರ್ತೀನಿ" ಎಂದೆ. ಮರಿ ಡಾಕ್ಟರ್ ಎನ್ನಲಿಲ್ಲ. ನಾನು ಬಾಗಿಲವರೆಗೂ ಬರಲಿಲ್ಲ. ಫೋನಿನಲ್ಲಿ ಯಾರೋ ಇರುವ ಹಾಗೆ ರಿಸೀವರ್ ಕಿವಿಗೆ ಹಿಡಿದು ಕೂತಿದ್ದೆ. ಆ ಕಡೆ ಯಾರೂ ಇರಲಿಲ್ಲ.

ನನ್ನ ಪ್ರಬಂಧ ತೊಂಬತ್ತಾರರಲ್ಲಿ ಅಚ್ಚಾಯಿತು. ಎಂಬತ್ಮೂರನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ: ಹದಿನಾಲ್ಕು ಮಾದರಿಗಳನ್ನು ಪ್ರಯೋಗಾಲಯ ಸಹಾಯಕರ ನಿರ್ವಹಣಾ ದೋಷದ ಕಾರಣ ಕೈಬಿಡಲಾಗಿದೆ. ಮೊದಲ ಪುಟದಲ್ಲಿ ನಿನಗೆ ಕೃತಜ್ಞತೆ. ಒಂದು ಪ್ರತಿಯನ್ನು ನೀನು ಮರಳಿ ಹೋಗಿದ್ದ ಇಸಾಲ್ಮಿಗೆ ಕಳಿಸಿದೆ. ಯಾಕೆ ಕಳಿಸಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕಳಿಸದಿದ್ದರೆ ನಾನು ತಪ್ಪಿತಸ್ಥ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು, ಅದಕ್ಕೇ ಇರಬೇಕು.

ಇಲ್ಲಿಯವರೆಗಿನದು ಹೇಡಿತನ ಎಂದು ಯಾರಾದರೂ ಹೇಳಿ ಮುಗಿಸಬಹುದು. ಮುಂದಿನದಕ್ಕೆ ಆ ಹೆಸರೂ ಸಾಲದು.

ಮರುವರ್ಷ ಪರದೇಶದಲ್ಲಿ ಒಂದು ಸಮ್ಮೇಳನ. ಮೂರನೇ ಸಾಲಿನಲ್ಲಿ ಕೂತಿದ್ದೆ. ಕನ್ನಡಕದ ಒಬ್ಬ ಸಣಕಲು ಮನುಷ್ಯ ವೇದಿಕೆಗೆ ಬಂದು, ಸಿಮೆಂಟಿನ ನೀರಿನಲ್ಲಿ ಕಾಗದ, ಹತ್ತಿ, ಮರ ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ತೋರಿಸಿದ. ಆ ಖಾರದ ನೀರು ಕಾಗದವನ್ನು ನಿಧಾನವಾಗಿ ಬಿಡಿಸಿ ಒಂದು ಬಗೆಯ ಆಮ್ಲ ಮಾಡುತ್ತದೆ. ಅದು ಸಕ್ಕರೆಯ ಸಂಬಂಧಿ. ಅದು ವಿಕಿರಣ ಲೋಹಗಳನ್ನು ತನ್ನ ತೆಕ್ಕೆಗೆ ಹಾಕಿಕೊಂಡು ನೀರಿನಲ್ಲೇ ಉಳಿಸಿಕೊಳ್ಳುತ್ತದೆ, ಬಂಡೆಗೆ ಅಂಟಲು ಬಿಡುವುದಿಲ್ಲ. ತಿಂಗಳು ಕಳೆದಷ್ಟೂ ಆಮ್ಲ ಹೆಚ್ಚು, ಬಂಡೆಯ ಹಿಡಿತ ಕಡಿಮೆ. ಪರದೆಯ ಮೇಲೆ ಒಂದು ಗಾಜಿನ ಪಾತ್ರೆಯ ಚಿತ್ರ ಬಂತು, ಅದರಲ್ಲಿ ನಸು ಹಳದಿ ನೀರು. ಆಮೇಲೆ ರೇಖಾಚಿತ್ರ. ನೀನು ಆ ಸೋಮವಾರ ನನ್ನ ಮೇಜಿನ ಮೇಲಿಟ್ಟ ಹಾಳೆಯೇ ಅದು, ಹಿಲ್ಕಾ. ಅದೇ ಇಳಿಜಾರು.

ನಿನ್ನ ಹದಿನಾಲ್ಕು ಬಾಟಲಿಗಳು ಹಾಳಾಗಿರಲಿಲ್ಲ. ನಮ್ಮ ಬಂಡೆಯ ಮೇಲೆ ಅಂಥದ್ದನ್ನು ಅಳೆದವರು ನನಗೆ ತಿಳಿದ ಮಟ್ಟಿಗೆ ಆಗ ಬೇರೆ ಯಾರೂ ಇರಲಿಲ್ಲ. ನೀನು ಏನನ್ನು ಅಳೆಯುತ್ತಿದ್ದೀಯ ಎಂದು ನಿನಗೆ ಹೇಳಬೇಕಾಗಿದ್ದ ಒಬ್ಬನೇ ಒಬ್ಬ ಮನುಷ್ಯ ಅದನ್ನು ಪೀಪಾಯಿಗೆ ಸುರಿದು ತೊಳೆದುಬಿಟ್ಟಿದ್ದ.

ಭಾಷಣ ಮುಗಿದ ಮೇಲೆ ನಾನು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಆ ಮನುಷ್ಯನ ಕೈ ಕುಲುಕಿ, "ತುಂಬ ಆಸಕ್ತಿಕರ" ಎಂದೆ. ಊಟದ ಸಾಲಿನಲ್ಲಿ ನಿಂತು ತಟ್ಟೆ ತುಂಬಿಸಿಕೊಂಡೆ. ಊರಿಗೆ ಬಂದು ನಿನಗೆ ಒಂದು ಸಾಲು ಬರೆಯಬಹುದಿತ್ತು. ಆಗ ನಿನಗೆ ಐವತ್ತಾರು. ನೀನು ಇಸಾಲ್ಮಿಯ ಶಾಲೆಯೊಂದರಲ್ಲಿ ನೆಲ ಒರೆಸುತ್ತಿದ್ದೀಯ ಎಂದು ಯಾರೋ ಹೇಳಿದ್ದರು. ಇನ್ನೂ ಹತ್ತು ವರ್ಷ ದುಡಿಮೆ ಬಾಕಿ ಇತ್ತು ನಿನಗೆ. ನನಗೆ ಅದೇ ತಿಂಗಳು ಕಾಯಂ ಹುದ್ದೆಯ ಸಂದರ್ಶನ ಇತ್ತು. ಸಂದರ್ಶನಕ್ಕೆ ಹೋದೆ, ಹುದ್ದೆ ಸಿಕ್ಕಿತು, ಇಪ್ಪತ್ತೇಳು ವರ್ಷ ಅದರಲ್ಲಿದ್ದು ಈ ವಸಂತದಲ್ಲಿ ನಿವೃತ್ತನಾದೆ. ಹೂಗುಚ್ಛ ಕೊಟ್ಟರು.

ಜೂನಿನಲ್ಲಿ ಒಬ್ಬ ಸಂಶೋಧಕಿ ನನಗೆ ಬರೆದಳು. ಹೆಸರು ಎವೆಲೀನಾ. ಹಳೆಯ ಪ್ರಬಂಧಗಳನ್ನೆಲ್ಲ ಜಾಲಾಡುತ್ತಿದ್ದಳಂತೆ. ಎಂಬತ್ಮೂರನೇ ಪುಟದ ಅಡಿಟಿಪ್ಪಣಿ ಓದಿದೆ, ಕೈಬಿಟ್ಟ ಆ ಹದಿನಾಲ್ಕು ಮಾದರಿಗಳ ಸಂಖ್ಯೆಗಳು ಎಲ್ಲಾದರೂ ಉಳಿದಿವೆಯೇ ಎಂದು ಕೇಳಿದಳು. ಉಳಿದಿದ್ದವು. ನಿನ್ನ ದಿನಚರಿ ಪುಸ್ತಕ ನನ್ನ ಮನೆಯ ಕಪಾಟಿನಲ್ಲೇ ಇತ್ತು. ಪ್ರಯೋಗಾಲಯ ಮುಚ್ಚುವಾಗ ಬೇರೆಯವರ ಕೈಗೆ ಸಿಗದಿರಲಿ ಎಂದು ತಂದಿಟ್ಟುಕೊಂಡಿದ್ದೆ. "ಕ್ಷಮಿಸಿ, ಈಗ ಸಿಗುವುದಿಲ್ಲ" ಎಂದು ಅವಳಿಗೆ ಉತ್ತರ ಬರೆದೆ. ಅರವತ್ಮೂರನೇ ವಯಸ್ಸಿನಲ್ಲಿ, ಕಳೆದುಕೊಳ್ಳುವುದು ಏನೂ ಇಲ್ಲದಾಗ, ಅಭ್ಯಾಸಬಲದಿಂದ ಮತ್ತೆ ಸುಳ್ಳು ಹೇಳಿದೆ. ಆ ಉತ್ತರ ಕಳಿಸಿದ ಮೇಲೆ ಎರಡು ವಾರ ನನಗೆ ನನ್ನ ಹೆಂಡತಿಯ ಎದುರು ಕೂತು ಊಟ ಮಾಡಲು ಆಗಲಿಲ್ಲ. ಅವಳಿಗೆ ಎಲ್ಲ ಹೇಳಿದೆ. ಅವಳು ಎದ್ದು ತಟ್ಟೆ ತೊಳೆದು ಬಂದು, "ನನಗೆ ಯಾಕೆ ಹೇಳ್ತಾ ಇದ್ದೀಯ? ಅವಳು ಬದುಕಿದ್ದಾಳಲ್ಲ, ಹೋಗಿ ಅವಳಿಗೆ ಹೇಳು" ಎಂದಳು.

ಹಾಗೆ ಆಗಸ್ಟಿನಲ್ಲಿ ನಿನ್ನ ಮನೆಗೆ ಬಂದೆ. ಬಾಗಿಲು ತೆರೆದದ್ದು ಮಾರ್ಯುತ್. ನೀನು ಕಿಟಕಿಯ ಪಕ್ಕದಲ್ಲಿದ್ದೆ. ಕಣ್ಣಿನ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿದಿದೆ ಎಂದಳು ಮಾರ್ಯುತ್. ನೀನು ನನ್ನ ಕಡೆ ನೋಡದೆ ಪಕ್ಕಕ್ಕೆ ತಿರುಗಿ ನನ್ನನ್ನು ನೋಡುತ್ತಿದ್ದೆ. "ಬಾ ಬಾ. ನಡಿಗೆಯಲ್ಲೇ ಗೊತ್ತಾಯ್ತು, ಎಡಗಡೆ ಸೊಂಟ ಹೋಗಿದೆ. ಮರಿ ಡಾಕ್ಟರ್ ಮುದಿ ಡಾಕ್ಟರ್ ಆಗ್ಬಿಟ್ಟ!" ಎಂದು ನಕ್ಕೆ. ಕಾಫಿ ಬಂತು. ರೈ ರೊಟ್ಟಿಯೊಳಗೆ ಮೀನು ತುಂಬಿ ಬೇಯಿಸಿದ ಕಲಕುಕ್ಕೋ ಬಂತು. ನೀನು ತಡಕಾಡಿ ನನ್ನ ತಟ್ಟೆಗೆ ದೊಡ್ಡ ಹೋಳು ಹಾಕಿಸಿದೆ. ನಾನು ಹೇಳಬೇಕಾದದ್ದನ್ನು ಕಾರಿನಲ್ಲಿ ಐನೂರು ಕಿಲೋಮೀಟರ್ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. "ಹಿಲ್ಕಾ, ಒಂದು ವಿಷಯ" ಎಂದೆ.

"ತಡಿ, ಮೊದಲು ನಾನು" ಎಂದೆ ನೀನು. ಮಾರ್ಯುತ್‌ಳಿಂದ ಕಪಾಟಿನಲ್ಲಿದ್ದ ನನ್ನ ಪ್ರಬಂಧ ತರಿಸಿ ಮಡಿಲಲ್ಲಿ ಇಟ್ಟುಕೊಂಡೆ. "ಇದರಲ್ಲಿ ಎಂಬತ್ಮೂರನೇ ಪುಟ ಇದೆಯಲ್ಲ. ಕಣ್ಣು ಇದ್ದಾಗ ಎಷ್ಟು ಸಲ ಓದಿದೀನೋ. ಆ ಕೈಗವಸನ್ನ ನಾನು ಮುಂಚೆಯೇ ನೋಡಬೇಕಿತ್ತು. ಆ ಫೆಬ್ರವರಿ ಅಮ್ಮ ಹಾಸಿಗೆ ಹಿಡಿದಿದ್ಳು, ನನ್ನ ಗಮನ ಅಲ್ಲಿತ್ತು. ನಿನ್ನ ಒಂದು ವರ್ಷದ ಕೆಲಸ ಹಾಳು ಮಾಡಿದೆ. ಆಮೇಲೆ ನೀರಿನ ಮೇಲೆ, ನಿನ್ನ ಮೇಲೆ ಅನುಮಾನ ಪಟ್ಟೆ, ಅದು ಇನ್ನೂ ಕೆಟ್ಟದ್ದು. ಕ್ಷಮಿಸು ಅಂತ ಆವತ್ತೇ ಕೇಳಬೇಕಿತ್ತು. ಸೊಕ್ಕು ಬಿಡಲಿಲ್ಲ. ಈಗ ಕೇಳ್ತಾ ಇದೀನಿ. ಕ್ಷಮಿಸಿಬಿಡು, ಇಲ್ಪೋ."

ಮಾರ್ಯುತ್, ನೀನು ಬಾಗಿಲ ಬಳಿ ನಿಂತಿದ್ದೆ. ನಾನು ಏನು ಹೇಳಿದೆ ಎಂದು ನೀನು ಕೇಳಿಸಿಕೊಂಡಿದ್ದೀಯ. ಆದರೂ ಬರೆಯುತ್ತೇನೆ. ನಾನು ನಿನ್ನ ಅಮ್ಮನ ಕೈ ಹಿಡಿದುಕೊಂಡು, "ಬಿಡು ಹಿಲ್ಕಾ. ನಾನು ಎಂದೋ ಕ್ಷಮಿಸಿಬಿಟ್ಟಿದ್ದೀನಿ" ಎಂದೆ.

ಹಿಲ್ಕಾ, ನೀನು ಅತ್ತೆ. ನೀನು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಎರಡೂ ಕೈಯಿಂದ ನನ್ನ ಕೈ ಒತ್ತಿದೆ. ನಿನ್ನ ಮುಖ ಹಗುರಾಯಿತು. ಆ ಹಗುರವನ್ನು ಕೆಡಿಸಬಾರದು ಎಂಬ ನೆಪ ನನಗೆ ಸಿಕ್ಕಿತು. ನಾನು ಎರಡನೇ ಬಟ್ಟಲು ಕಾಫಿ ಕುಡಿದೆ.

ಕಾರಿನವರೆಗೆ ಬಂದ ಮಾರ್ಯುತ್ ಹೇಳಿದಳು: "ನೀನು ಬಂದಿದ್ದು ಒಳ್ಳೇದಾಯ್ತು. ಅಮ್ಮ ಆ ಕೆಲಸ ಬಿಟ್ಟ ಮೇಲೆ ಮನೇಲಿ ಲಿಂಗನ್‌ಬೆರ್ರಿ ಜಾಮ್ ಕಟ್ಟಿಡೋದನ್ನೇ ನಿಲ್ಲಿಸಿಬಿಟ್ಳು. ನನ್ನ ಕೈಯಲ್ಲಿ ಮುಚ್ಚಳ ಸರಿಯಾಗಿ ಕೂರಲ್ಲ ಅಂತಿದ್ಳು. ಹಾಲಿನ ಡಬ್ಬಿ ಮುಚ್ಚಿದ್ರೂ ಮೂರು ಸಲ ಮುಟ್ಟಿ ನೋಡ್ತಿದ್ಳು. ನನ್ನ ಮಕ್ಕಳು ಚಿಕ್ಕವರಿದ್ದಾಗ ಅವರಿಗೆ ಔಷಧಿ ಅಳೆದು ಕೊಡು ಅಂದ್ರೆ ಚಮಚ ನನ್ನ ಕೈಗೇ ಕೊಡ್ತಿದ್ಳು. ಇವತ್ತು ನಿದ್ದೆ ಮಾಡ್ತಾಳೆ ಅನ್ನಿಸತ್ತೆ." ಹೀಗೆಂದು ನನ್ನನ್ನು ಅಪ್ಪಿಕೊಂಡಳು. ನಾನು ಅಪ್ಪಿಸಿಕೊಂಡೆ.

ಹದಿನೆಂಟು ವರ್ಷ ಡೈರಿಯಲ್ಲಿ, ಎಂಟು ವರ್ಷ ನಮ್ಮಲ್ಲಿ ಒಂದು ಹನಿ ತಪ್ಪದ ಕೈ. ಆ ಕೈಯ ಮೇಲೆ ನಿನಗೇ ನಂಬಿಕೆ ಹೋಗುವ ಹಾಗೆ ಮಾಡಿದ್ದೆ. ಕೆಲಸ ಕಿತ್ತುಕೊಂಡದ್ದು ನನಗೆ ಗೊತ್ತಿತ್ತು, ಅದರ ಜೊತೆ ಬದುಕುವುದನ್ನು ಕಲಿತಿದ್ದೆ. ಈ ಇನ್ನೊಂದು ನನಗೆ ಗೊತ್ತಿರಲಿಲ್ಲ. ಯುವಾಸ್ಕುಲಾ ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಕೂತೆ. ಹಿಂದಿನವನು ಹಾರ್ನ್ ಹೊಡೆದು, ಇಳಿದು ಬಂದು ಕಿಟಕಿ ತಟ್ಟಿ, "ಹುಷಾರಿಲ್ವಾ?" ಎಂದು ಕೇಳಿದ. ಹುಷಾರಾಗಿದ್ದೇನೆ ಎಂದೆ.

ಮನೆಗೆ ಬಂದು ಮಾಡಿದ್ದನ್ನು ಹೇಳುತ್ತೇನೆ. ಎವೆಲೀನಾಗೆ ಬರೆದೆ: ಪುಸ್ತಕ ನನ್ನಲ್ಲೇ ಇದೆ, ಇಲ್ಲ ಎಂದದ್ದು ಸುಳ್ಳು, ಕ್ಯಾನಿಗೆ ಕಾಗದ ಬಿದ್ದದ್ದು ನನ್ನಿಂದ, ಬಿದ್ದ ದಿನಾಂಕ ಇದು. ಪುಸ್ತಕವನ್ನು ಅಂಚೆಯಲ್ಲಿ ಕಳಿಸಿದೆ. ಪ್ರಬಂಧ ಒಪ್ಪಿದ ವಿಶ್ವವಿದ್ಯಾಲಯಕ್ಕೂ, ಲೇಖನ ಅಚ್ಚು ಹಾಕಿದ ಪತ್ರಿಕೆಗೂ ಇದನ್ನೇ ಬರೆದೆ, ಎಂಬತ್ಮೂರನೇ ಪುಟದ ಟಿಪ್ಪಣಿ ಸುಳ್ಳು ಎಂದು ಪ್ರಕಟಿಸಬೇಕೆಂದು ಕೇಳಿದೆ. ಅವರು ಪದವಿ ಹಿಂತೆಗೆದುಕೊಳ್ಳುತ್ತಾರೋ ಇಲ್ಲವೋ ಇನ್ನೂ ತಿಳಿಸಿಲ್ಲ. ತೋರ್ಸ್ತಿಗೆ ಫೋನ್ ಮಾಡಿದೆ. ಅವರಿಗೆ ಈಗ ಎಂಬತ್ತೆಂಟು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ, "ಆ ತೊಳೆದ ಕ್ಯಾನ್ ನಾನೂ ನೋಡಿದ್ದೆ. ಕೇಳೋದು ಬೇಡ ಅನ್ನಿಸ್ತು. ನಿನ್ನ ಕಾಗದದಲ್ಲಿ ನನ್ನ ಹೆಸರೂ ಸೇರಿಸು" ಎಂದರು. ಸೇರಿಸಿದ್ದೇನೆ.

ಒಂದು ವಿಷಯ ನೀನು ಚಿಂತಿಸಬಾರದು. ಬಂಡೆಗೆ, ಸುರಂಗಕ್ಕೆ, ಮುಂದೆ ಇಲ್ಲಿ ಬದುಕುವವರಿಗೆ ನನ್ನ ಸುಳ್ಳಿನಿಂದ ಏನೂ ಆಗಿಲ್ಲ. ಕಾಗದ ಮತ್ತು ಮರದ ವಿಷಯ ಈಗ ಎಲ್ಲರಿಗೂ ಗೊತ್ತು, ಕೆಳಗೆ ಏನೇನು ಬಿಟ್ಟುಬರಬಾರದು ಎಂದು ಎಣಿಸುತ್ತಾರೆ, ಸಿಮೆಂಟಿನ ಖಾರವನ್ನೂ ಇಳಿಸಿದ್ದಾರೆ. ಬೇರೆಯವರು ಬೇರೆ ಕಡೆ ಕೆಲಸ ಮಾಡಿದರು. ಹಾಳಾದದ್ದು ಒಬ್ಬಳ ಬದುಕು ಮಾತ್ರ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ.

ಎವೆಲೀನಾ ಮೊನ್ನೆ ಉತ್ತರ ಬರೆದಿದ್ದಾಳೆ. ಮೊದಲ ಸಾಲಿನಲ್ಲೇ, "ಹಿಲ್ಕಾ ವಾನ್ಸ್ಕಾ ಎಂದರೆ ಯಾರು? ಇದ್ದಾರೆಯೇ?" ನೀರು ತೆಗೆದ ಪ್ರತಿ ದಿನಾಂಕವೂ ಇರುವುದರಿಂದ ಈ ಹದಿನಾಲ್ಕು ಸಂಖ್ಯೆಗಳನ್ನು ಇವತ್ತಿಗೂ ಬಳಸಬಹುದಂತೆ. ಅಳೆದವರು ಎಂದು ನಿನ್ನ ಹೆಸರನ್ನು ಹಾಕಿ ಪ್ರಕಟಿಸಲು ಒಪ್ಪಿಗೆ ಬೇಕಂತೆ. ಬಾಟಲಿಗಳಿಗೆ ಹಸುಗಳ ಹೆಸರು ಯಾಕೆ ಎಂದೂ ಕೇಳಿದ್ದಾಳೆ. ಅದನ್ನು ನಾನು ಹೇಳಲಿಲ್ಲ. ನಿನಗೆ ಇಷ್ಟವಾದರೆ ನೀನೇ ಹೇಳು. ಅವಳ ಫೋನ್ ನಂಬರು ಬೇರೆ ಚೀಟಿಯಲ್ಲಿದೆ.

ನಾನು ಈ ಪತ್ರದಲ್ಲಿ ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು, ಮತ್ತೆ ನನಗೇ ಸುಲಭವಾಗುತ್ತದೆ. ಒಂದನ್ನು ಮಾತ್ರ ವಾಪಸು ತೆಗೆದುಕೊಳ್ಳಲು ಬರೆದೆ. ಆಗಸ್ಟಿನಲ್ಲಿ ನಿನ್ನ ಕೈ ಹಿಡಿದು ನಿನ್ನನ್ನು ಕ್ಷಮಿಸಿದ್ದೇನೆ ಎಂದೆನಲ್ಲ, ಅದನ್ನು ನನಗೆ ಹಿಂದಿರುಗಿಸು. ಅದು ನಾನು ನಿನಗೆ ಮಾಡಿದ ಎಲ್ಲದರಲ್ಲಿ ಅತ್ಯಂತ ಕೆಟ್ಟದ್ದು. ನೀನು ಯಾರಿಂದಲೂ ಕ್ಷಮೆ ಪಡೆಯಬೇಕಾಗಿರಲಿಲ್ಲ. ಕೈಗವಸಿನ ತೂತಿನಿಂದ ಏನೂ ಆಗಿರಲಿಲ್ಲ. ನೀನು ಅದನ್ನು ಕಂಡ ದಿನವೇ ಬದಲಿಸಿದ್ದೆ, ಅವತ್ತೇ ಬರೆದಿದ್ದೆ, ನೀರಿನ ಮೇಲೆ ಪಟ್ಟ ಅನುಮಾನ ಸರಿಯಾಗಿತ್ತು, ನನ್ನ ಮೇಲೆ ಪಟ್ಟ ಅನುಮಾನ ಅದಕ್ಕಿಂತ ಸರಿಯಾಗಿತ್ತು.

ನಿನ್ನ ಕೈ ಸರಿಯಾಗಿತ್ತು, ಹಿಲ್ಕಾ. ಹದಿನಾಲ್ಕು ಸಲವೂ.

ಮಾರ್ಯುತ್, ಈ ಕೊನೆಯ ಎರಡು ಸಾಲುಗಳನ್ನು ದಯವಿಟ್ಟು ಇನ್ನೊಮ್ಮೆ ಓದು.

ನಿನ್ನ ಮನೆ ಬೆಚ್ಚಗಿರಲಿ, ನಿನ್ನ ಚಳಿಗಾಲ ಚಿಕ್ಕದಾಗಲಿ ಎಂದು ಹಾರೈಸಲು ನನಗೆ ಹಕ್ಕಿಲ್ಲದಿದ್ದರೂ ಹಾರೈಸುತ್ತೇನೆ.

ನಿನ್ನನ್ನು ಒಂದು ಗುರುವಾರ 'ನೀವು' ಎಂದವನು,
ಇಲ್ಪೋ ಸಾರೆಲ್ಮಾ